ಸಿಗ್ನಲ್‌ನಲ್ಲಿ ನಿಂತಾಗಲೇ ಹಳೇ ಆಲ್ಟೊ ಯಾಕೆ ಆಫ್ ಆಗುತ್ತೆ?

ಪ್ರಶ್ನೆ: ನನ್ನದು 2007ರ ಆಲ್ಟೊ. ಓಡುವಾಗ ಏನೂ ತೊಂದರೆ ಇಲ್ಲ. ಸಿಗ್ನಲ್‌ನಲ್ಲಿ ನಿಂತರೆ ಗಡಗಡ ನಡುಗಿ ಆಫ್ ಆಗುತ್ತೆ, ಎಸಿ ಹಾಕಿದ್ದರಂತೂ ಗ್ಯಾರಂಟಿ. ಪ್ಲಗ್ ಬದಲಾಯಿಸಿ ಆಯಿತು. ಈಗ ಗ್ಯಾರೇಜಿನಲ್ಲಿ ಫ್ಯುಯೆಲ್ ಪಂಪ್ ಹಾಕಿಸಿ ಅಂತಿದ್ದಾರೆ. ಹಾಕಿಸಲೇ?

ಉತ್ತರ: ಸದ್ಯಕ್ಕೆ ಬೇಡ. ಪಂಪ್ ಸೋತಿದ್ದರೆ ಸಾಮಾನ್ಯವಾಗಿ ಮೊದಲು ಗೊತ್ತಾಗುವುದು ಏರು ಹತ್ತುವಾಗ, ಓವರ್‌ಟೇಕ್ ಮಾಡುವಾಗ. ಇಂಜಿನ್ ಹೆಚ್ಚು ಪೆಟ್ರೋಲ್ ಕೇಳುವುದು ಆಗಲೇ. ಓಡುವಾಗ ಸರಿಯಿದ್ದು ನಿಂತಾಗ ಮಾತ್ರ ಸಾಯುವ ಗಾಡಿಯಲ್ಲಿ ಮೊದಲು ನೋಡಬೇಕಾದ್ದು ಗಾಳಿಯ ದಾರಿ.

ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಥ್ರಾಟಲ್ ಬಾಡಿಯೊಳಗಿನ (ಇಂಜಿನ್‌ಗೆ ಗಾಳಿ ಹೋಗುವ ಬಾಗಿಲು) ಬಿಲ್ಲೆ ಹೆಚ್ಚುಕಡಿಮೆ ಪೂರ್ತಿ ಮುಚ್ಚಿಕೊಳ್ಳುತ್ತೆ. ಆಗ ಇಂಜಿನ್‌ಗೆ ಉಸಿರು ಬಿಲ್ಲೆಯ ಅಂಚಿನ ಕೂದಲೆಳೆಯಷ್ಟು ಸಂದಿಯಿಂದ, ಮತ್ತೆ ಪಕ್ಕದ ಒಂದು ಸಣ್ಣ ದಾರಿಯಿಂದ. ಆ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವುದು ಐಡಲ್ ವಾಲ್ವ್. ಎಸಿ ಕಂಪ್ರೆಸರ್ ‘ಟಕ್’ ಅಂತ ಹಿಡಿದುಕೊಂಡ ಕೂಡಲೇ ಅದು ಇನ್ನಷ್ಟು ತೆರೆಯಬೇಕು. ಕಾರ್ಬನ್ ಕಟ್ಟಿ ಬಿಗಿದುಹೋಗಿದ್ದರೆ, ಹೊರೆ ಬಿದ್ದ ಇಂಜಿನ್ ಅಲ್ಲೇ ಕುಸಿಯುತ್ತೆ. ನೀವು ಹೇಳಿದ ಲಕ್ಷಣ ಇದಕ್ಕೇ ಹೊಂದುತ್ತೆ.

ಇಂಜಿನ್ ಆಫ್ ಮಾಡಿ, ಏರ್ ಫಿಲ್ಟರ್ ಕಡೆಯ ಪೈಪ್ ಬಿಚ್ಚಿ, ಬಿಲ್ಲೆಯನ್ನು ಬೆರಳಿನಿಂದ ತಳ್ಳಿ ಅಂಚು ನೋಡಿ. ಬಾಣಲೆ ತಳದ ಜಿಡ್ಡಿನ ಹಾಗೆ ಕಪ್ಪು ಉಂಗುರ ಕಂಡರೆ ಥ್ರಾಟಲ್ ಕ್ಲೀನರನ್ನು ಬಟ್ಟೆಗೆ ಹಾಕಿ ಒರೆಸಿ. ಕೆರೆಯಬೇಡಿ. ಐಡಲ್ ವಾಲ್ವನ್ನೂ ಬಿಚ್ಚಿ ಶುಚಿ ಮಾಡಿಸಿ. ಸ್ಕ್ರೂ ತಿರುಗಿಸಿ ಐಡ್ಲಿಂಗ್ (ಕಾಲು ತೆಗೆದಾಗ ಇಂಜಿನ್ ತಿರುಗುವ ವೇಗ) ಏರಿಸಿ ಕಳಿಸುವವರಿದ್ದಾರೆ, ಒಪ್ಪಬೇಡಿ. ಕಾಯಿಲೆ ಒಳಗೇ ಉಳಿಯುತ್ತೆ.

ಇಷ್ಟು ಹಳೇ ಗಾಡಿಯಲ್ಲಿ ರಬ್ಬರ್ ಪೈಪ್‌ಗಳು ಬಿಸಿಗೆ ಗಟ್ಟಿಯಾಗಿ ಸೀಳು ಬಿಟ್ಟಿರುತ್ತವೆ, ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತೆ. ಇಂಜಿನ್ ಓಡುವಾಗ ‘ಸುಸ್’ ಶಬ್ದ ಕೇಳುತ್ತದಾ ಗಮನಿಸಿ. ನಿಂತಲ್ಲೇ ಬ್ರೇಕ್ ಒತ್ತಿ ಹಿಡಿದಾಗ ಐಡ್ಲಿಂಗ್ ಏರುಪೇರಾದರೆ ಬ್ರೇಕ್ ಬೂಸ್ಟರ್ (ಇಂಜಿನ್ನಿನ ಎಳೆತದಿಂದ ಬ್ರೇಕ್ ಹಗುರ ಮಾಡುವ ಡಬ್ಬಿ) ಅಥವಾ ಅದರ ಪೈಪ್ ಸೋರುತ್ತಿರಬಹುದು. ಅದನ್ನು ಆ ದಿನವೇ ತೋರಿಸಿ.

ಇನ್ನು ಮಿಸ್ಸಿಂಗ್, ಅಂದರೆ ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೇ ಹೋಗುವುದು. ನಿಮ್ಮ 796 ಸಿಸಿ ಇಂಜಿನ್‌ಗೆ ಇರುವುದೇ ಮೂರು ಸಿಲಿಂಡರ್. ಒಂದು ಕೈಕೊಟ್ಟರೆ ಮೂರನೇ ಒಂದು ಪಾಲು ಶಕ್ತಿ ಹೋಯಿತು, ಸೀಟು ಸಮೇತ ನಡುಗುತ್ತೆ. ಪ್ಲಗ್ ಹೊಸದಿರಬಹುದು, ವೈರ್? ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ ಐಡ್ಲಿಂಗ್‌ನಲ್ಲಿ ಬಿಟ್ಟು, ಕೈ ದೂರವಿಟ್ಟು ನೋಡಿ. ಬಿರುಕು ಬಿಟ್ಟ ವೈರ್‌ನಿಂದ ನೀಲಿ ಕಿಡಿ ಹಾರುವುದು ಬರಿಗಣ್ಣಿಗೇ ಕಾಣುತ್ತೆ. ಮಿಸ್ ಹೊಡೆಯುವ ಗಾಡಿಯನ್ನು ಹಾಗೇ ಓಡಿಸಿದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುಚಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕುತ್ತೆ, ಅದು ದೊಡ್ಡ ಖರ್ಚು.

ಒಂದು ಎಚ್ಚರಿಕೆ: ಗಾಡಿ ಉರುಳುವಾಗ ಇಂಜಿನ್ ಆಫ್ ಆದರೆ, ಒಂದೆರಡು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಿನಷ್ಟು ಗಟ್ಟಿಯಾಗುತ್ತೆ. ಬಿಟ್ಟು ಬಿಟ್ಟು ಒತ್ತಬೇಡಿ, ಜೋರಾಗಿ ಒಂದೇ ಸಮ ಒತ್ತಿ ನಿಲ್ಲಿಸಿ.

ಇಷ್ಟೆಲ್ಲ ಆದ ಮೇಲೂ ಗ್ಯಾರೇಜಿನವರು ಪಂಪ್ ಅಂದರೆ, ಪ್ರೆಷರ್ ಗೇಜ್ ಹಾಕಿ ಮುಳ್ಳು ತೋರಿಸಿ ಅನ್ನಿ.