ಮಣ್ಣಿನ ಬಂಡಿಯಲ್ಲಿ ಬಂಗಾರ

ಪ್ರಶ್ನೆ: ನಾಟಕ ನೋಡಿ ಬಂದ ಮೇಲೆ ‘ಇದರ ಆಶಯವೇನು, ಆ ವಸ್ತುವಿನ ಅರ್ಥವೇನು’ ಎಂದು ಕೇಳಿದರೆ ಬಾಯಿ ಕಟ್ಟುತ್ತದೆ. ರಂಗದ ಮೇಲಿರುವುದು ಬರೀ ಸಾಮಾನೋ, ಅರ್ಥವುಳ್ಳದ್ದೋ ಎಂದು ತಿಳಿಯುವುದು ಹೇಗೆ?
– ಪದವಿ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ದೀಪವೆಂದರೆ ಜ್ಞಾನ, ಕತ್ತಲೆಂದರೆ ಅಜ್ಞಾನ ಎಂದು ಕಲಿತದ್ದನ್ನು ಮೊದಲು ಬದಿಗಿಡಿ. ರಂಗಪರಿಕರಗಳಿಗೆ ಅಂಥ ನಿಘಂಟು ಇಲ್ಲ. ಒಂದು ವಸ್ತು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಹೋದ ಕಡೆ ಏನಾಯಿತು ಎಂಬುದನ್ನಷ್ಟೇ ಹಿಂಬಾಲಿಸಿ. ಅರ್ಥ ಆ ದಾರಿಯಲ್ಲೇ ಸಿಗುತ್ತದೆ.

ಶೂದ್ರಕನ ಸಂಸ್ಕೃತ ನಾಟಕ ‘ಮೃಚ್ಛಕಟಿಕ’ವನ್ನೇ ನೋಡಿ. ಬಡತನಕ್ಕೆ ಬಿದ್ದ ಚಾರುದತ್ತನ ಮಗ ರೋಹಸೇನ, ನೆರೆಮನೆಯ ಹುಡುಗನಲ್ಲಿದ್ದ ಚಿನ್ನದ ಬಂಡಿಯೇ ಬೇಕೆಂದು ಹಟ ಹಿಡಿದಿದ್ದಾನೆ. ದಾಸಿ ರದನಿಕೆ ಮಣ್ಣಿನ ಬಂಡಿ ಮಾಡಿಕೊಟ್ಟರೂ ಅಳು ನಿಂತಿಲ್ಲ. ಚಾರುದತ್ತನನ್ನು ಪ್ರೀತಿಸುವ ಗಣಿಕೆ ವಸಂತಸೇನೆಯನ್ನು ತೋರಿಸಿ ‘ಇವಳೂ ನಿನಗೆ ತಾಯಿಯೇ’ ಎಂದರೆ ಹುಡುಗ ನಂಬುವುದಿಲ್ಲ. ತಾಯಿಯಾದರೆ ಮೈಮೇಲೆ ಇಷ್ಟು ಒಡವೆ ಏಕೆ ಎಂಬುದು ಅವನ ಸಂಶಯ. ವಸಂತಸೇನೆ ಕಣ್ಣೀರಿಡುತ್ತಲೇ ಒಡವೆಗಳನ್ನು ಬಿಚ್ಚಿ ಆ ಮಣ್ಣಿನ ಬಂಡಿಗೆ ತುಂಬುತ್ತಾಳೆ. ಆ ಮನೆಯವಳಾಗಲು ಅವಳು ಬಂಗಾರ ಕಳಚಬೇಕಾಯಿತು! ಇಷ್ಟು ಹೇಳಲು ಮಗುವಿನ ಒಂದು ಮಾತು ಸಾಕಾಯಿತು. ಈ ದೃಶ್ಯ ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಅದೇ ಒಡವೆಗಳು ಒಂಬತ್ತನೇ ಅಂಕದ ನ್ಯಾಯಸಭೆಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ. ಅವುಗಳನ್ನು ಮರಳಿಸಲು ಹೊರಟಿದ್ದ ಚಾರುದತ್ತನ ಗೆಳೆಯ ಮೈತ್ರೇಯ, ರಾಜನ ಭಾವಮೈದುನ ಶಕಾರನೊಡನೆ ಜಗಳಕ್ಕೆ ಬಿದ್ದಾಗ ಅವನ ಕಂಕುಳಿಂದ ಎಲ್ಲವೂ ನೆಲಕ್ಕೆ ಉದುರುತ್ತವೆ. ವಸಂತಸೇನೆಯ ಕೊಲೆಯ ಆರೋಪ ಹೊತ್ತು ನಿಂತ ಚಾರುದತ್ತನಿಗೆ ಅವೇ ಮುಳುವಾಗುತ್ತವೆ. ಮಮತೆಯಿಂದ ಕೊಟ್ಟದ್ದು ಕೊಲೆಗೆ ಸಾಕ್ಷಿಯಾಯಿತು.

ಈಗ ಆಶಯ ಹೇಳಿ. ‘ಪ್ರೀತಿ’ ಎಂದು ಒಂದೇ ಪದ ಬರೆದು ನಿಲ್ಲಿಸಬೇಡಿ. ಅದು ವಿಷಯವಾಯಿತು, ಆಶಯವಾಗಲಿಲ್ಲ. ಬಡವನ ಬಳಿ ಬಂಗಾರ ಕಂಡರೆ ಲೋಕ ಅದರ ಹಿಂದೆ ಪ್ರೀತಿಯನ್ನಲ್ಲ, ಅಪರಾಧವನ್ನೇ ಹುಡುಕುತ್ತದೆ ಎಂದು ಬರೆದರೆ ಅದು ಆಶಯ. ಒಡವೆಗಳ ದಾರಿ ಹಿಡಿಯದಿದ್ದರೆ ಈ ವಾಕ್ಯ ಹೊಳೆಯುತ್ತಿರಲಿಲ್ಲ.

ಹಳೆಯ ಕಥೆಯನ್ನು ಆಧರಿಸಿದ ನಾಟಕವಾದರೆ, ನಾಟಕಕಾರ ಹೊಸದಾಗಿ ಏನು ಸೇರಿಸಿದ್ದಾನೆ ಎಂದು ನೋಡಿ. ಮಹಾಭಾರತದ ಶಕುಂತಲೆಯ ಕಥೆಯಲ್ಲಿ ಉಂಗುರವಿಲ್ಲ, ದುರ್ವಾಸರ ಶಾಪವೂ ಇಲ್ಲ. ಎರಡನ್ನೂ ತಂದವನು ಕಾಳಿದಾಸ. ಸುಮ್ಮನೆ ತಂದಾನೆಯೇ?

ಹಾಗೆಂದು ನಿಮ್ಮೂರಿನ ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ಕುಳಿತು ಪ್ರತಿ ಕುರ್ಚಿಗೂ ಅರ್ಥ ಹುಡುಕಬೇಕಿಲ್ಲ. ಕೂರಲು ಇಟ್ಟ ಕುರ್ಚಿ ಕೂರಲಿಕ್ಕೇ ಇರುತ್ತದೆ. ಯಾರೂ ಕೂರದೆ ಎಲ್ಲರೂ ಅದನ್ನು ಸುತ್ತಿ ನಡೆಯುತ್ತಿದ್ದರೆ ಆಗ ಗಮನವಿಡಿ.

ಕೆಲವು ವಸ್ತುಗಳಿಗಂತೂ ನೋಡುವವರೇ ಅರ್ಥ ಹೊತ್ತು ತರುತ್ತಾರೆ. ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿ ಬಸವಣ್ಣನಿಗೆ ಅರ್ಪಿಸಿದರು, ಅವನು ಅದನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡ ಎಂಬ ಕಥೆ ನಮ್ಮ ಭಾಗದಲ್ಲಿ ಮನೆಮಾತು. ಬಸವಕಲ್ಯಾಣದ ಕಡೆಯ ಹಳ್ಳಿಯೊಂದರ ಜಾತ್ರೆಯಲ್ಲಿ ಶರಣರ ನಾಟಕ ನೋಡಿದ್ದೆ. ಹಿತ್ತಾಳೆ ತಟ್ಟೆಯಲ್ಲಿ ಆ ಜೋಡು ಬಂದಾಗ ನಟರಿನ್ನೂ ಬಾಯಿ ತೆರೆದಿರಲಿಲ್ಲ. ನನ್ನ ಮುಂದೆ ಚಾಪೆಯ ಮೇಲೆ ಕುಳಿತಿದ್ದ ಅಜ್ಜಿ ಅಷ್ಟರಲ್ಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೈಮುಗಿದರು. ಅವು ಸಂತೆಯಲ್ಲಿ ಕೊಂಡ ಚಪ್ಪಲಿಗಳು. ನಾಟಕ ಮುಗಿದ ಮೇಲೆ ಸಾಮಾನು ಕಟ್ಟುತ್ತಿದ್ದ ಹುಡುಗ ಬಿಜ್ಜಳನ ಕಿರೀಟವನ್ನು ಚೀಲದೊಳಕ್ಕೆ ಎಸೆದ. ಆ ಜೋಡನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಮೇಲ್ಗಡೆ ಇಟ್ಟ.