ಎತ್ತರ ಅಳೆಯುವ ಮೊದಲು ಬುಡ ನೋಡಿ

ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ ಗಗನಚುಂಬಿ ಕಟ್ಟಡಗಳೇ ಇಲ್ಲ. ಸಂಸತ್ ಭವನದ ಗುಮ್ಮಟಕ್ಕಿಂತ ಎತ್ತರ ಕಟ್ಟಬಾರದು ಅಂತ ಅಲ್ಲಿ ಕಾನೂನಿದೆ ಎಂದು ಸುಮಾರು ಜನ ನಂಬಿದ್ದಾರೆ. ಅಸಲಿ ಕಥೆ ಬೇರೆ. 1894ರಲ್ಲಿ ಅಲ್ಲಿ ‘ಕೈರೊ’ ಎಂಬ ವಸತಿ ಕಟ್ಟಡ ಎದ್ದಿತು, ಸುಮಾರು 50 ಮೀಟರ್ ಎತ್ತರ. ಬೆಂಕಿ ಬಿದ್ದರೆ ಏಣಿ ಅಷ್ಟೆತ್ತರ ಮುಟ್ಟುತ್ತಾ ಎಂಬ ದಿಗಿಲು ಹುಟ್ಟಿತು. 1899ರಲ್ಲಿ ಎತ್ತರಕ್ಕೆ ಮಿತಿ ಬಂತು. 1910ರ ಕಾನೂನು ಅದನ್ನು ಬದಲಿಸಿತು: ಎದುರಿನ ರಸ್ತೆಯ ಅಗಲಕ್ಕೆ 20 ಅಡಿ ಸೇರಿಸಿ, ಅಷ್ಟೇ ಎತ್ತರ ಕಟ್ಟಿ. ಅದಕ್ಕೂ ಮೇಲೊಂದು ಗರಿಷ್ಠ ಮಿತಿ.

ಏಣಿಯ ಚಿಂತೆ ಈಗ ಹಳೆಯದಾಯಿತು. ಆದರೆ ಕಟ್ಟಡದ ಎತ್ತರವನ್ನು ರಸ್ತೆಯ ಅಗಲಕ್ಕೆ ಗಂಟು ಹಾಕಿದ್ದು ನನಗೆ ಜಾಣತನವಾಗಿಯೇ ಕಾಣುತ್ತದೆ. ರಾಜಧಾನಿಯಲ್ಲಿ ಗಗನಚುಂಬಿ ಬೇಕೇ ಬೇಡವೇ ಎಂಬ ಜಗಳದಲ್ಲಿ ಎಲ್ಲರೂ ತಲೆ ಎತ್ತಿ ನೋಡುತ್ತಾರೆ. ತೊಂದರೆ ಇರುವುದು ಬಹುಪಾಲು ಕೆಳಗೆ.

ಗಾಳಿಯನ್ನೇ ನೋಡಿ. ನೆಲದ ಹತ್ತಿರ ಮರ, ಮನೆಗಳಿಗೆ ತಾಗಿ ತಾಗಿ ಗಾಳಿ ನಿಧಾನವಾಗುತ್ತದೆ. ಮೇಲೆ ಹೋದಷ್ಟೂ ವೇಗ ಜಾಸ್ತಿ. ವೇಗ ಎರಡು ಪಟ್ಟಾದರೆ ಗೋಡೆಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಚಪ್ಪಟೆ ಗೋಡೆಯ ಮೇಲ್ಭಾಗದಲ್ಲಿ ಒತ್ತಡ ಹೆಚ್ಚು, ಕೆಳಭಾಗದಲ್ಲಿ ಕಡಿಮೆ. ಬಡಿದ ಗಾಳಿ ಗೋಡೆಗುಂಟ ಜಾರಿ ನೆಲಕ್ಕಿಳಿಯುತ್ತದೆ, ಕಟ್ಟಡದ ಮೂಲೆಗಳಲ್ಲಿ ರಭಸದಿಂದ ನುಗ್ಗುತ್ತದೆ. ಬೇರೆಡೆ ಗಾಳಿ ಸಾಧಾರಣವಾಗಿರುವ ದಿನ ಇಲ್ಲಿ ಮಾತ್ರ ಕೊಡೆ ಮಗುಚಿಕೊಳ್ಳಬಹುದು. ಇದಕ್ಕೆ ಮದ್ದೂ ಇದೆ. ಕೆಳಗಿನ ಕೆಲವು ಮಹಡಿಗಳನ್ನು ಮುಂದಕ್ಕೆ ಚಾಚಿದರೆ ಇಳಿಯುವ ಗಾಳಿ ಆ ತಾರಸಿಗೆ ಬಡಿಯುತ್ತದೆ, ಪಾದಚಾರಿಗಳು ಬಚಾವ್.

ಬಿಸಿಲೂ ಸುಮ್ನೆ ಇರುವುದಿಲ್ಲ. ಲಂಡನ್‌ನಲ್ಲಿ ‘ವಾಕಿ ಟಾಕಿ’ ಎಂಬ ಅಡ್ಡಹೆಸರಿನ ಕಟ್ಟಡದ ಗಾಜಿನ ಮೈ ಒಳಕ್ಕೆ ಬಾಗಿದೆ. 2013ರಲ್ಲಿ ಅದು ಬಿಸಿಲನ್ನು ಒಟ್ಟುಗೂಡಿಸಿ ಬೀದಿಗೆ ಎಸೆದು, ಅಲ್ಲಿ ನಿಲ್ಲಿಸಿದ್ದ ಕಾರೊಂದರ ಭಾಗಗಳನ್ನು ಕರಗಿಸಿಬಿಟ್ಟಿತು. ಆಮೇಲೆ ಗಾಜಿನ ಮುಂದೆ ಬಿಸಿಲು ತಡೆಯುವ ಪಟ್ಟಿಗಳನ್ನು ಜೋಡಿಸಬೇಕಾಯಿತು.

ಇನ್ನು ನೆಲದಡಿಯ ಮಣ್ಣು. ಮೆಕ್ಸಿಕೋ ಸಿಟಿ ನಿಂತಿರುವುದು ಹಳೆಯ ಕೆರೆಯಂಗಳದ ಮೇಲೆ. 1985ರ ಸೆಪ್ಟೆಂಬರ್‌ನಲ್ಲಿ ಸುಮಾರು 350 ಕಿಲೋಮೀಟರ್ ದೂರದಲ್ಲಿ ಭೂಮಿ ಕಂಪಿಸಿದಾಗ ಅಲ್ಲಿನ ಮೆತ್ತನೆಯ ಜೇಡಿಮಣ್ಣು ಹೆಚ್ಚುಕಡಿಮೆ ಎರಡು ಸೆಕೆಂಡಿಗೊಮ್ಮೆ ತೂಗಾಡಿತು. ಪ್ರತಿ ಕಟ್ಟಡಕ್ಕೂ ತನ್ನದೇ ತೂಗುವ ಲಯವಿರುತ್ತದೆ, ಉಯ್ಯಾಲೆಗೆ ಇರುವ ಹಾಗೆ. ಲಯ ಕೂಡಿದರೆ ತೂಗಾಟ ಏರುತ್ತಲೇ ಹೋಗುತ್ತದೆ. ಹೆಚ್ಚು ಪೆಟ್ಟು ತಿಂದದ್ದು ಸುಮಾರು 6ರಿಂದ 15 ಮಹಡಿಯ ಕಟ್ಟಡಗಳು. 1956ರಲ್ಲೇ ಕಟ್ಟಿದ್ದ 44 ಮಹಡಿಯ ಟೋರೆ ಲ್ಯಾಟಿನೋಅಮೆರಿಕಾನಾ ಮಾತ್ರ ಗಟ್ಟಿಯಾಗಿ ನಿಂತಿತು! ಅದರ ಲಯ ಇನ್ನೂ ನಿಧಾನದ್ದು, ಪಾಯವೂ ಆ ಮಣ್ಣನ್ನು ಅರಿತೇ ಹಾಕಿದ್ದು. ಗಿಡ್ಡ ಕಟ್ಟಡವೇ ಕ್ಷೇಮ ಎನ್ನುವವರು ಇದನ್ನು ಮರೆಯಬಾರದು.

ಹಾಗಂತ ಜನ ಹೆಚ್ಚಾದರೆ ಗಗನಚುಂಬಿಯೇ ಗತಿ ಎಂಬ ವಾದವನ್ನೂ ನಾನು ಒಪ್ಪಲಾರೆ. ಪ್ಯಾರಿಸ್‌ನ ಬಹುಪಾಲು ಆರೇಳು ಮಹಡಿಯದ್ದು. ಆದರೂ ಚದರ ಕಿಲೋಮೀಟರಿಗೆ ಸುಮಾರು 20,000 ಜನ ಅಲ್ಲಿ ವಾಸಿಸುತ್ತಾರೆ. ಕಟ್ಟಡಗಳು ಒತ್ತೊತ್ತಾಗಿ, ರಸ್ತೆಗಂಟಿಕೊಂಡೇ ನಿಂತಿವೆ. ಗಗನಚುಂಬಿಗಳ ನಡುವೆ ಗಾಳಿ ಬೆಳಕಿಗಾಗಿ ಜಾಗ ಬಿಡಬೇಕು. ಮಹಡಿ ಏರಿದಂತೆ ಲಿಫ್ಟು, ಮೆಟ್ಟಿಲು, ಪೈಪುಗಳೇ ನಡುಜಾಗ ನುಂಗುತ್ತವೆ. 1973ರಲ್ಲಿ ಮುಗಿದ 210 ಮೀಟರಿನ ಮೋಂಪಾರ್ನಾಸ್ ಗೋಪುರವನ್ನು ಕಂಡು ಬೇಸತ್ತ ಆ ಊರು 1977ರಲ್ಲೇ ಎತ್ತರಕ್ಕೆ ಮಿತಿ ಹಾಕಿತ್ತು. ನಡುವೆ ಅದನ್ನು ಸಡಿಲಿಸಿ, 2023ರಲ್ಲಿ ಹೊಸ ಕಟ್ಟಡಗಳಿಗೆ ಮತ್ತೆ 37 ಮೀಟರಿನ ಮಿತಿ ಹಾಕಿತು.

ನನ್ನನ್ನು ಕೇಳಿದರೆ, ಇಡೀ ರಾಜಧಾನಿಗೆ ಒಂದೇ ಅಳತೆ ಬೇಡ. ಕಟ್ಟುವವರು ಸುತ್ತಲಿನ ಬೀದಿಗಳ ಸಮೇತ ಮಾದರಿ ಮಾಡಿ, ಯಂತ್ರದಿಂದ ಗಾಳಿ ಬೀಸುವ ಗಾಳಿಸುರಂಗದಲ್ಲಿಟ್ಟು ಪರೀಕ್ಷಿಸಲಿ. ಮಣ್ಣಿನ ವರದಿಯ ಜೊತೆ ಆ ಫಲಿತಾಂಶವನ್ನೂ ಅನುಮತಿಗೆ ಮೊದಲೇ ಜನರ ಮುಂದಿಡಲಿ. ಆಮೇಲೆ ಬೇಕಾದರೆ 60 ಮಹಡಿ ಕಟ್ಟಲಿ, ನನ್ನ ತಕರಾರಿಲ್ಲ.