ಕೇಸ್ ಉದ್ದವಾಯಿತು ಅಂದರೆ ಎಲ್ಲೋ ತೆಳುವಾಯಿತು

ಹಾರಿಸಿದ ತೋಟಾದ ಹಿತ್ತಾಳೆ ಕವಚವನ್ನು, ಅಂದರೆ ಕೇಸನ್ನು, ಮತ್ತೆ ತುಂಬುವುದನ್ನು ಕಲಿಯಲು ಬರುವವರು ಟ್ರಿಮ್ಮಿಂಗ್, ಅಂದರೆ ಉದ್ದವಾದ ಕೇಸಿನ ಬಾಯಿ ಕತ್ತರಿಸುವುದರ ಬಗ್ಗೆ ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಎಷ್ಟು ಕತ್ತರಿಸಬೇಕು?" ಕೈಪಿಡಿ ತೆರೆದರೆ ಉತ್ತರ ಅರ್ಧ ನಿಮಿಷದಲ್ಲಿ ಸಿಗುತ್ತದೆ. .308 ವಿಂಚೆಸ್ಟರ್ ಅನ್ನುವ ರೈಫಲ್ ತೋಟಾದ ಕೇಸಿನ ಗರಿಷ್ಠ ಉದ್ದ 2.015 ಇಂಚು, ಅಂದರೆ 51.18 ಮಿ.ಮೀ. ಅದನ್ನು ದಾಟಿದರೆ 2.005ಕ್ಕೆ ಇಳಿಸಬೇಕು. .223 ರೆಮಿಂಗ್ಟನ್‌ಗೆ ಈ ಜೋಡಿ ಅಂಕಿ 1.760 ಮತ್ತು 1.750. .30-06ಕ್ಕೆ 2.494 ಮತ್ತು 2.484. ಮೂರರಲ್ಲೂ ಅಂತರ ಹತ್ತು ಥೌ, ಅಂದರೆ ಇಂಚಿನ ಸಾವಿರದಲ್ಲಿ ಹತ್ತು ಭಾಗ. ನಮ್ಮ ಲೆಕ್ಕದಲ್ಲಿ ಕಾಲು ಮಿಲಿಮೀಟರ್.

ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ. ಈ ಜಾಸ್ತಿಯಾದ ಉದ್ದ ಬಂದದ್ದು ಎಲ್ಲಿಂದ? ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಕೇಸಿಗೆ ಯಾರೂ ಹೊಸದಾಗಿ ಹಿತ್ತಾಳೆ ಸೇರಿಸಿಲ್ಲ. ಬಾಯಿಯ ಹತ್ತಿರ ಬೆಳೆದಿದೆ ಅಂದರೆ ಬೇರೆಲ್ಲೋ ಕಡಿಮೆಯಾಗಿದೆ.

ಮೊದಲೇ ಒಂದು ಮಾತು. ಮನೆಯಲ್ಲಿ ತೋಟಾ ತುಂಬಲು ಎಲ್ಲ ಕಡೆ ಅನುಮತಿ ಇಲ್ಲ. ಕೆಲವು ದೇಶಗಳಲ್ಲಿ ಪ್ರತ್ಯೇಕ ಪರವಾನಗಿ ಬೇಕು, ಕೆಲವು ಕಡೆ ಪೂರ್ತಿ ನಿಷೇಧ. ನಿಮ್ಮಲ್ಲಿನ ಕಾನೂನು ಏನು ಅಂತ ತಿಳಿದುಕೊಂಡ ಮೇಲೆ ಮುಂದಿನದು.

ಕೇಸ್ ಮಾಡುವ ಹಿತ್ತಾಳೆಯಲ್ಲಿ 70 ಭಾಗ ತಾಮ್ರ, 30 ಭಾಗ ಸತು. ಹಿಗ್ಗುತ್ತದೆ, ಸ್ವಲ್ಪ ಹಿಂದಕ್ಕೆ ಬರುತ್ತದೆ, ಅದಕ್ಕೇ ಈ ಕೆಲಸಕ್ಕೆ ಅದನ್ನು ಆರಿಸಿದ್ದು. .308ರ ಗರಿಷ್ಠ ಒತ್ತಡ 62,000 ಪಿ.ಎಸ್.ಐ. (ಚದರ ಇಂಚಿಗೆ ಪೌಂಡ್). ಮದ್ದು ಹೊತ್ತಿಕೊಂಡಾಗ ಕೇಸಿನ ಮುಂಭಾಗದ ತೆಳು ಗೋಡೆ ಹಿಗ್ಗಿ ಚೇಂಬರಿನ (ನಳಿಗೆಯ ಹಿಂದೆ ತೋಟಾ ಕೂರುವ ಕುಳಿಯ) ಗೋಡೆಗೆ ಕಚ್ಚಿಕೊಳ್ಳುತ್ತದೆ. ಬುಡ ಮಾತ್ರ ದಪ್ಪ, ಅದು ಕಚ್ಚಿಕೊಳ್ಳುವುದಿಲ್ಲ. ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟಿಗೂ ಬುಡಕ್ಕೂ ನಡುವೆ ಇರುವ ಸಣ್ಣ ಸಂದಿಯಷ್ಟು ಅದು ಹಿಂದಕ್ಕೆ ಸರಿಯುತ್ತದೆ. ಮುಂಭಾಗ ಅಲ್ಲಾಡುತ್ತಿಲ್ಲ, ಹಿಂಭಾಗ ಸರಿಯುತ್ತಿದೆ. ನಡುವಿನ ಗೋಡೆ ಎಳೆದುಕೊಳ್ಳಲೇಬೇಕು, ಅಲ್ವಾ? ಬುಡದ ಗಟ್ಟಿ ಭಾಗ ಮುಗಿದು ಗೋಡೆ ಶುರುವಾಗುವ ಜಾಗದಲ್ಲೇ ಈ ಎಳೆತ.

ಆಮೇಲೆ ನಾವು ಅದನ್ನು ಮೊದಲಿನ ಅಳತೆಗೆ ತರುವ ಅಚ್ಚಿಗೆ, ಅಂದರೆ ಸೈಜಿಂಗ್ ಡೈಗೆ, ಹಾಕಿ ಒತ್ತುತ್ತೇವೆ. ಹಿಗ್ಗಿದ ಹೊಟ್ಟೆ ಒಳಕ್ಕೆ ಹೋಗುತ್ತದೆ, ಭುಜ (ಮೈ ಕಿರಿದಾಗಿ ಕುತ್ತಿಗೆಗೆ ಸೇರುವ ಇಳಿಜಾರು) ಹಿಂದಕ್ಕೆ ಕೂರುತ್ತದೆ. ಪೇಸ್ಟ್ ಟ್ಯೂಬನ್ನು ಕೆಳಗಿನಿಂದ ಒತ್ತಿದ ಹಾಗೆ, ಹಿತ್ತಾಳೆಗೆ ಹೋಗಲು ಉಳಿದಿರುವುದು ಕುತ್ತಿಗೆಯ ಕಡೆಯ ದಾರಿ ಒಂದೇ. ಸಾಲದ್ದಕ್ಕೆ ಕುತ್ತಿಗೆಯ ಒಳ ಅಳತೆ ಸರಿಮಾಡಲು ಡೈಯೊಳಗಿರುವ ಎಕ್ಸ್‌ಪಾಂಡರ್ ಉಂಡೆ ವಾಪಸ್ ಬರುವಾಗ ಕುತ್ತಿಗೆಯನ್ನು ಇನ್ನೊಂದಿಷ್ಟು ಎಳೆಯುತ್ತದೆ. ಕುತ್ತಿಗೆಯ ಒಳಗೆ ಲ್ಯೂಬ್ ಹಚ್ಚದಿದ್ದರೆ ಈ ಎಳೆತ ಜಾಸ್ತಿ. ಪ್ರೆಸ್ಸಿನ ಹಿಡಿ ಮೇಲೆತ್ತುವಾಗ ಕಿರ್ ಅಂತ ಸದ್ದು ಬಂದರೆ ಅದೇ ಇದು.

ಹಾಗಾಗಿ ಸೈಜ್ ಮಾಡಿದ ಮೇಲೆಯೇ ಅಳೆಯಬೇಕು, ಆಮೇಲೆ ಟ್ರಿಮ್. ಮೊದಲೇ ಟ್ರಿಮ್ ಮಾಡಿಟ್ಟುಕೊಂಡರೆ ಡೈ ಅದನ್ನು ಮತ್ತೆ ಬೆಳೆಸಿಬಿಡುತ್ತದೆ.

ಉದ್ದ ಮೀರಿದರೆ ಏನಾಗುತ್ತದೆ? ನಿಖರತೆ ಸ್ವಲ್ಪ ಕೆಡುತ್ತದೆ, ಅಷ್ಟೇ ಅಂತ ಎಷ್ಟೋ ಜನ ತಿಳಿದಿದ್ದಾರೆ. ನಿಜವಾದ ಕಾರಣ ಸುರಕ್ಷತೆ. ಕುತ್ತಿಗೆಗೆ ಅಂತ ಚೇಂಬರಿನಲ್ಲಿ ಕೊರೆದಿರುವ ಜಾಗ ಒಂದು ಅಂಚಿನಲ್ಲಿ ಮುಗಿಯುತ್ತದೆ. ಅಲ್ಲಿಂದ ಮುಂದೆ ನಳಿಗೆ ಕಿರಿದು. ಕೇಸಿನ ಬಾಯಿ ಆ ಅಂಚಿಗೆ ತಾಗಿದರೆ ಬೋಲ್ಟ್ ಮುಚ್ಚುವ ಬಲಕ್ಕೆ ಬಾಯಿ ಒಳಕ್ಕೆ ಮಡಿಚಿ ಗುಂಡನ್ನು ಹಿಸುಕಿ ಹಿಡಿಯುತ್ತದೆ. ಸಾಮಾನ್ಯವಾಗಿ ಮದ್ದು ಉರಿದಾಗ ಕುತ್ತಿಗೆ ಹಿಗ್ಗಿ ಗುಂಡನ್ನು ಬಿಟ್ಟುಕೊಡುತ್ತದೆ. ಇಲ್ಲಿ ಹಿಗ್ಗಲು ಜಾಗವೇ ಇಲ್ಲ. ಗುಂಡು ಹೊರಡುವುದು ತಡವಾಗುತ್ತದೆ, ಒತ್ತಡ ಏರುತ್ತದೆ. ಅದೇ ಮದ್ದು, ಅದೇ ತೂಕ, ಆದರೆ ಒತ್ತಡ ಬೇರೆ. ಬೋಲ್ಟ್ ಮುಚ್ಚುವಾಗ ಯಾವಾಗಲೂ ಬಿಗಿ ಗೊತ್ತಾಗುತ್ತದೆ ಅಂತ ನಂಬಬೇಡಿ. ಬೋಲ್ಟಿಗೆ ಬಲ ಜಾಸ್ತಿ, ತೆಳು ಬಾಯಿ ಸುಲಭವಾಗಿ ಮಡಿಚಿಬಿಡುತ್ತದೆ.

ಅಳತೆ ತಗೊಳ್ಳುವುದು ನೋಡಲು ಸುಲಭ, ತಪ್ಪುವುದು ಅದಕ್ಕಿಂತ ಸುಲಭ. ಕ್ಯಾಲಿಪರ್ ದವಡೆ ಒರೆಸಿ, ಮುಚ್ಚಿ, ಸೊನ್ನೆ ಮಾಡಿಕೊಳ್ಳಿ. ಬುಡದಲ್ಲಿ ಕೂತು ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಹಳೆಯದನ್ನು ಮೊದಲೇ ತೆಗೆದಿರಬೇಕು, ಅದು ಕೂದಲೆಳೆಯಷ್ಟು ಉಬ್ಬಿದ್ದರೂ ಆ ಉಬ್ಬು ಅಳತೆಗೆ ಸೇರುತ್ತದೆ. ಬುಡದ ಅಂಚಿಗೆ, ಖಾಲಿ ಕೇಸನ್ನು ಹೊರಗೆಳೆಯುವ ಕೊಕ್ಕೆಯಾದ ಎಕ್ಸ್‌ಟ್ರ್ಯಾಕ್ಟರ್ ಕಚ್ಚಿ ಗುಜ್ಜು, ಅಂದರೆ ಒರಟು ಚೂಪು, ಎದ್ದಿದ್ದರೆ ಅದೂ ಸೇರುತ್ತದೆ. ಕೇಸನ್ನು ದವಡೆಯ ನಡುವೆ ಹಿಡಿದು ನಿಧಾನವಾಗಿ ತಿರುಗಿಸಿ, ಬಂದ ಅಂಕಿಗಳಲ್ಲಿ ದೊಡ್ಡದನ್ನು ಬರೆದುಕೊಳ್ಳಿ. ಬಾಯಿ ಒಂದು ಕಡೆ ಎತ್ತರ, ಇನ್ನೊಂದು ಕಡೆ ತಗ್ಗು ಇರಬಹುದು, ಮೊದಲು ತಾಗುವುದು ಎತ್ತರದ ಕಡೆಯೇ. ಡಿಜಿಟಲ್ ಕ್ಯಾಲಿಪರಿನ ಬ್ಯಾಟರಿ ಸೋತಾಗ ಅಂಕಿ ಸುಮ್ನೆ ಕುಣಿಯುತ್ತದೆ. ಉದ್ದ ಖಚಿತವಾಗಿ ಗೊತ್ತಿರುವ ಒಂದು ಗೇಜನ್ನು ಮೇಜಿನ ಮೇಲೆ ಇಟ್ಟುಕೊಂಡು ಆಗಾಗ ಅದನ್ನೇ ಅಳೆದು ನೋಡಿ. ಇಂಚು, ಮಿಲಿಮೀಟರ್ ಎರಡನ್ನೂ ಬೆರೆಸಿ ಬರೆಯುವ ಚಟ ಬೇಡ. ಒಂದು ಪುಸ್ತಕ, ಒಂದೇ ಮಾನ.

ಟ್ರಿಮ್ಮರ್ ಯಾವುದು ಒಳ್ಳೆಯದು ಅಂತ ಕೇಳುತ್ತಾರೆ. ಬೆಲೆಗಿಂತ ಮೊದಲು ನೋಡಬೇಕಾದದ್ದು ಅದು ಉದ್ದವನ್ನು ಎಲ್ಲಿಂದ ಲೆಕ್ಕ ಹಾಕುತ್ತದೆ ಅನ್ನುವುದು. ಪುಟ್ಟ ಲೇತಿನ ಹಾಗಿರುವ ಟ್ರಿಮ್ಮರ್‌ಗಳಲ್ಲಿ ಕೇಸಿನ ಬುಡವನ್ನು ಕಾಲೆಟ್ (ಬಿಗಿಯುವ ಹಿಡಿಕೆ) ಹಿಡಿಯುತ್ತದೆ, ಕಟರಿಗೆ ದಾರಿ ತೋರಿಸುವ ಕಡ್ಡಿ, ಅಂದರೆ ಪೈಲಟ್, ಕುತ್ತಿಗೆಯೊಳಗೆ ಹೋಗುತ್ತದೆ. ಹಿಡಿಯುವುದು ಅಂಚನ್ನಾದ್ದರಿಂದ, ಅಂಚಿನ ದಪ್ಪ ಕೇಸಿನಿಂದ ಕೇಸಿಗೆ ಬದಲಾದರೆ ಉದ್ದವೂ ಒಂದೆರಡು ಥೌ ಬದಲಾಗುತ್ತದೆ. ವಿಲ್ಸನ್ ಮಾದರಿಯಲ್ಲಿ ಕೇಸಿನ ಮೈಯ ಇಳಿಜಾರೇ ಅದನ್ನು ಹೋಲ್ಡರಿನಲ್ಲಿ ಹಿಡಿದು ನಿಲ್ಲಿಸುತ್ತದೆ. ನಿಧಾನ, ಆದರೆ ಬಾಯಿ ಓರೆಯಿಲ್ಲದೆ ಸಮವಾಗಿ ಬರುತ್ತದೆ. ಲೀ ಕಂಪನಿಯದು ಎಲ್ಲಕ್ಕಿಂತ ಸರಳ. ಆಯಾ ತೋಟಾಗೆ ಅಂತ ಉದ್ದ ನಿಗದಿಯಾದ ಒಂದು ಕಡ್ಡಿ, ಅದರ ತುದಿ ಪ್ರೈಮರಿನ ಕಿಂಡಿಯಿಂದ ಇಳಿದು ಕೆಳಗೆ ತಾಗಿದಾಗ ಕಟರ್ ನಿಲ್ಲುತ್ತದೆ. ಹೊಂದಿಸುವ ತಲೆನೋವೇ ಇಲ್ಲ. ಕಡಿಮೆ ಕೇಸ್ ಮಾಡುವವರಿಗೆ ಇದು ಸಾಕು ಅನ್ನುತ್ತೇನೆ. ಕೆಲವರಿಗೆ ಇದು ಅಗ್ಗದ್ದು ಅಂತ ತಾತ್ಸಾರ, ಅದಕ್ಕೆ ಕಾರಣ ನನಗಂತೂ ಕಾಣುವುದಿಲ್ಲ.

ಮೋಟರಿನಿಂದ ತಿರುಗುವ ವೇಗದ ಟ್ರಿಮ್ಮರ್‌ಗಳಲ್ಲಿ ಹಲವು ಭುಜಕ್ಕೆ ತಾಗಿ ನಿಲ್ಲುತ್ತವೆ. ಕೇಸನ್ನು ಒಳಗೆ ಒತ್ತಿ ಒಂದು ಸುತ್ತು ತಿರುಗಿಸಿದರೆ ಕೆಲಸ ಮುಗಿಯಿತು. ಆದರೆ ಇಲ್ಲಿ ಉದ್ದ ಶುರುವಾಗುವುದು ಭುಜದಿಂದ. ಸೈಜಿಂಗ್ ಹೆಚ್ಚುಕಡಿಮೆಯಾಗಿ ಭುಜ ಒಂದೊಂದರಲ್ಲಿ ಒಂದೊಂದು ಕಡೆ ಕೂತಿದ್ದರೆ, ಯಂತ್ರ ಎಷ್ಟೇ ಚೆನ್ನಾಗಿದ್ದರೂ ಒಟ್ಟು ಉದ್ದ ಏರುಪೇರು. "ಟ್ರಿಮ್ಮರ್ ಸರಿ ಇಲ್ಲ" ಅಂತ ದೂರು ಬಂದಾಗ ನಾನು ಮೊದಲು ನೋಡುವುದು ಅವರ ಸೈಜಿಂಗ್ ಡೈಯನ್ನು.

ಟ್ರಿಮ್ ಆದ ಬಾಯಿ ಹರಿತವಾಗಿರುತ್ತದೆ, ಒಳಗೂ ಹೊರಗೂ ಗುಜ್ಜು. ಒಳಗಿನ ಗುಜ್ಜು ಗುಂಡಿನ ಮೈ ಕೆರೆಯುತ್ತದೆ. ಬಾಯಿಯ ಅಂಚನ್ನು ಓರೆಯಾಗಿ ಕೆರೆಯುವ ಚಾಂಫರ್ ಉಪಕರಣವನ್ನು ಹಗುರವಾಗಿ ಮೂರು ನಾಲ್ಕು ಸುತ್ತು ತಿರುಗಿಸಿ, ಹೊರಗೆ ಅದಕ್ಕಿಂತ ಕಡಿಮೆ. ಉಗುರು ಸವರಿದಾಗ ಸಿಕ್ಕಿಕೊಳ್ಳಬಾರದು, ಅಷ್ಟು ಸಾಕು. ಬಾಯಿಯನ್ನು ಚಾಕುವಿನ ಅಲಗು ಮಾಡಿಬಿಟ್ಟರೆ ಅದು ಬೇಗ ಸೀಳುತ್ತದೆ. ಬುಡ ಚಪ್ಪಟೆ ಇರುವ ಗುಂಡಿಗೆ ಒಳ ಇಳಿಜಾರು ಸ್ವಲ್ಪ ಜಾಸ್ತಿ ಬೇಕು, ದೋಣಿಯಾಕಾರದ ಬುಡದ್ದು ತಾನೇ ಒಳಗೆ ಇಳಿಯುತ್ತದೆ. ಕೊನೆಗೆ ಕೇಸನ್ನು ತಲೆಕೆಳಗು ಮಾಡಿ ತಟ್ಟಿ, ಹಿತ್ತಾಳೆಯ ಚೂರು ಒಳಗೆ ಉಳಿಯಬಾರದು. ಕನ್ನಡಕ ಹಾಕಿಕೊಳ್ಳಿ. ಹಳೆಯ ಪ್ರೈಮರಿನ ಮಸಿಯಲ್ಲಿ ಸೀಸ ಇರುತ್ತದೆ, ಕೈ ತೊಳೆಯದೆ ಏನನ್ನೂ ಬಾಯಿಗೆ ಹಾಕಬೇಡಿ. ಮದ್ದು ತುಂಬಿದ ತೋಟಾವನ್ನು, ಜೀವ ಇರುವ ಪ್ರೈಮರ್ ಕೂತ ಕೇಸನ್ನು ಟ್ರಿಮ್ಮರಿಗೆ ಹಾಕುವುದಂತೂ ಮಾತಾಡುವ ವಿಷಯವೇ ಅಲ್ಲ.

ಗಿಡ್ಡವಾದರೆ? ಹೆದರಬೇಡಿ. ಟ್ರಿಮ್ ಉದ್ದಕ್ಕಿಂತ ಕೆಲವು ಥೌ ಕಡಿಮೆಯಾದರೆ ಅಪಾಯವಿಲ್ಲ. ಗುಂಡಿನ ಹಿಡಿತ ಕೂದಲೆಳೆ ಕಡಿಮೆ, ಬಾಯಿಯ ಮುಂದೆ ಉಳಿದ ಸಂದಿಯಲ್ಲಿ ಮಸಿ ಕಟ್ಟಿಕೊಳ್ಳುತ್ತದೆ, ಅಷ್ಟೇ. ಆ ಮಸಿಯ ಬಳೆಯನ್ನು ಚೇಂಬರಿನಿಂದ ಆಗಾಗ ತೆಗೆಯಬೇಕು. ಇಲ್ಲದಿದ್ದರೆ ಮುಂದೆ ಸರಿಯಾದ ಉದ್ದದ ಕೇಸ್ ಹಾಕಿದಾಗ ಅದಕ್ಕೂ ಜಾಗ ಇಲ್ಲದ ಹಾಗಾಗುತ್ತದೆ.

ಪಿಸ್ತೂಲಿನ ಹೆಚ್ಚುಕಡಿಮೆ ನೇರ ಗೋಡೆಯ ಕೇಸುಗಳದ್ದು ಬೇರೆಯೇ ಕಥೆ. .45 ಎ.ಸಿ.ಪಿ. ಕೇಸ್ ಬಳಸಿದ ಹಾಗೆ ಉದ್ದವಾಗುವ ಬದಲು ಗಿಡ್ಡವಾಗುತ್ತಾ ಬರುತ್ತದೆ. ಅದರ ಗರಿಷ್ಠ ಉದ್ದ 0.898 ಇಂಚು, ಚೇಂಬರಿನಲ್ಲಿ ನಿಲ್ಲುವುದೇ ಬಾಯಿಯ ಆಧಾರದ ಮೇಲೆ. 9 ಮಿ.ಮೀ. ಕೂಡ ಹಾಗೇ. ಇವನ್ನು ಹೆಚ್ಚಿನವರು ಟ್ರಿಮ್ ಮಾಡುವುದಿಲ್ಲ, ನಾನೂ ಮಾಡಿ ಅನ್ನುವುದಿಲ್ಲ. ರಿವಾಲ್ವರಿನ .357 ಮ್ಯಾಗ್ನಮ್ ಬುಡದ ಅಂಚಿನ ಮೇಲೆ ನಿಲ್ಲುತ್ತದೆ. ಅಲ್ಲಿ ಟ್ರಿಮ್ ಬೇಕಾಗುವುದು ಗುಂಡು ಕದಲದಂತೆ ಬಾಯಿ ಮಡಿಚುವ ಕ್ರಿಂಪ್‌ಗೋಸ್ಕರ: ಉದ್ದ ಒಂದೇ ಸಮ ಇಲ್ಲದಿದ್ದರೆ ಒಂದರ ಬಾಯಿ ಗುಂಡಿನ ಮೈಯ ತೋಡಿನಲ್ಲಿ ಚೆನ್ನಾಗಿ ಮಡಿಚುತ್ತದೆ, ಇನ್ನೊಂದರದ್ದು ಸಡಿಲ ಉಳಿಯುತ್ತದೆ.

ಈಗ ಮತ್ತೆ ರೈಫಲ್ ಕೇಸಿನ ಬುಡಕ್ಕೆ ಬರೋಣ. ಟ್ರಿಮ್ ಮಾಡಿ ಮೇಜಿನ ಮೇಲೆ ಬಿದ್ದ ಹಿತ್ತಾಳೆ ಚೂರಿಗೂ ಬುಡದ ಮೇಲಿನ ಗೋಡೆ ಎಳೆದುಕೊಂಡದ್ದಕ್ಕೂ ನೇರ ಸಂಬಂಧ ಇದೆ. ಬೇಗ ಬೇಗ ಉದ್ದವಾಗುವ ಕೇಸಿನಲ್ಲಿ ಆ ಗೋಡೆ ಬೇಗ ಬೇಗ ತೆಳುವಾಗುತ್ತಿದೆ ಅಂತ ಅನುಮಾನಿಸಲೇಬೇಕು. ಕೊನೆಗೆ ಒಂದು ದಿನ ಕೇಸ್ ಅಲ್ಲೇ ಎರಡು ತುಂಡಾಗುತ್ತದೆ. ಬುಡ ಹೊರಗೆ ಬರುತ್ತದೆ, ಮುಂಭಾಗ ಚೇಂಬರಿನಲ್ಲೇ ಉಳಿಯುತ್ತದೆ. ಬಿಸಿ ಅನಿಲ ಹಿಂದಕ್ಕೆ ನುಗ್ಗಬಹುದು, ಬೋಲ್ಟ್ ಇರುವುದು ಮುಖದ ಹತ್ತಿರವೇ ಅನ್ನುವುದು ನೆನಪಿರಲಿ.

ಪರೀಕ್ಷೆಗೆ ದುಬಾರಿ ಉಪಕರಣ ಬೇಡ. ಪೇಪರ್ ಕ್ಲಿಪ್ ಬಿಡಿಸಿ, ತುದಿಯನ್ನು ಸಣ್ಣ ಕೊಕ್ಕೆಯ ಹಾಗೆ ಬಗ್ಗಿಸಿ, ಮೊನಚು ಮಾಡಿ. ಕೇಸಿನೊಳಗೆ ಇಳಿಸಿ ಒಳಗೋಡೆಗೆ ಒತ್ತಿ ಹಿಡಿದು ಬುಡದಿಂದ ಮೇಲಕ್ಕೆ ಎಳೆಯಿರಿ. ಬುಡದ ಸ್ವಲ್ಪ ಮೇಲೆ ತುದಿ ಒಂದು ತೋಡಿಗೆ ಇಳಿದು ಸಿಕ್ಕಿದ ಹಾಗಾದರೆ ಆ ಕೇಸ್ ಮುಗಿಯಿತು. ಹೊರಗಿನಿಂದ ಅದೇ ಜಾಗದಲ್ಲಿ ಹೊಳೆಯುವ ಬಳೆ ಕಾಣಬಹುದು. ಆದರೆ ಡೈ ನಿಂತ ಜಾಗದಲ್ಲೂ ಒಂದು ಹೊಳಪಿನ ಗೆರೆ ಬೀಳುತ್ತದೆ. ಅದನ್ನು ನೋಡಿ ಗಾಬರಿಯಾಗಿ ಒಳ್ಳೆಯ ಕೇಸ್ ಎಸೆಯುವವರೂ ಇದ್ದಾರೆ, ನಿಜವಾದ ಬಳೆಯನ್ನು ಡೈ ಗುರುತು ಅಂದುಕೊಂಡು ಇಟ್ಟುಕೊಳ್ಳುವವರೂ ಇದ್ದಾರೆ. ಕಣ್ಣಿಗಿಂತ ತಂತಿಯನ್ನು ನಂಬಿ.

ಬೆಳವಣಿಗೆ ತಡೆಯಲು ದಾರಿ ಇದೆ. ಡೈಯನ್ನು ಕೇಸಿನ ಬುಡ ಹಿಡಿಯುವ ಶೆಲ್‌ಹೋಲ್ಡರಿಗೆ ತಾಗುವ ತನಕ ತಿರುಗಿಸಿ ಬಿಡುವುದು ಎಲ್ಲರ ಅಭ್ಯಾಸ. ಹಾಗೆ ಮಾಡಿದರೆ ಭುಜ ಬೇಕಾದ್ದಕ್ಕಿಂತ ಹಿಂದೆ ಕೂರಬಹುದು. ಮುಂದಿನ ಸಲ ಹಾರಿಸಿದಾಗ ಅಷ್ಟೂ ದೂರ ಮತ್ತೆ ಎಳೆತ. ನಿಮ್ಮದೇ ರೈಫಲಿನಲ್ಲಿ ಹಾರಿಸಿದ ಕೇಸಿನ ಭುಜವನ್ನು, ಬುಡದಿಂದ ಭುಜದ ತನಕ ಅಳೆಯುವ ಕಂಪ್ಯಾರೇಟರ್‌ನಿಂದ ಅಳೆದು, ಅಲ್ಲಿಂದ ಎರಡು ಥೌ, ಅಂದರೆ 0.05 ಮಿ.ಮೀ. ಮಾತ್ರ ಹಿಂದಕ್ಕೆ ಕೂರಿಸಿ. ಅರೆ-ಸ್ವಯಂಚಾಲಿತ ರೈಫಲಿಗೆ ಮೂರು ನಾಲ್ಕು ಥೌ ಇರಲಿ, ಅಲ್ಲಿ ಬೋಲ್ಟ್ ತಾನಾಗಿ ಪೂರ್ತಿ ಮುಚ್ಚಬೇಕು. ಡೈ ಹೀಗೆ ಹೊಂದಿಸಿದ ಮೇಲೆ ಟ್ರಿಮ್ಮರಿನ ಕೆಲಸ ಕಡಿಮೆಯಾಗುವುದನ್ನು ನೀವೇ ನೋಡುತ್ತೀರಿ.

ಎಲ್ಲಿ ಹಾರಿಸಿದ್ದು ಅಂತ ಗೊತ್ತಿಲ್ಲದ ಕೇಸುಗಳ ಬಗ್ಗೆ ನನಗೆ ಸದಾ ಅನುಮಾನ. ಸೇನೆಯ 7.62 ಕೇಸುಗಳಲ್ಲಿ (ಹೆಚ್ಚುಕಡಿಮೆ .308ರ ಅಳತೆಯವು) ಮೆಷಿನ್ ಗನ್ನಿನಿಂದ ಬಂದವೂ ಇರುತ್ತವೆ. ಅವುಗಳ ಚೇಂಬರ್ ಸಡಿಲ, ಮೊದಲ ಸಲಕ್ಕೇ ಕೇಸ್ ತುಂಬಾ ಎಳೆದುಕೊಂಡಿರುತ್ತದೆ. ಅದನ್ನು ಸೈಜ್ ಮಾಡಿ, ಟ್ರಿಮ್ ಮಾಡಿ, ಹೊಳಪು ಕೊಟ್ಟರೆ ಹೊಸದರ ಹಾಗೇ ಕಾಣುತ್ತದೆ. ಬುಡದ ಕಥೆ ಬುಡಕ್ಕೇ ಗೊತ್ತು.

ಆದ್ದರಿಂದ ಕೇಸುಗಳನ್ನು ಬೆರೆಸಬೇಡಿ. ಒಂದೇ ತಯಾರಕರದ್ದು, ಒಂದೇ ಸಲ ಕೊಂಡದ್ದು ಒಂದು ಡಬ್ಬಿಯಲ್ಲಿ ಇರಲಿ. ಡಬ್ಬಿಯೊಳಗೆ ಒಂದು ಚೀಟಿ: ಎಷ್ಟು ಸಲ ಹಾರಿಸಿದೆ, ಯಾವಾಗ ಟ್ರಿಮ್ ಮಾಡಿದೆ, ಎಷ್ಟು ಥೌ ಹೋಯಿತು. ಡಬ್ಬಿಯಲ್ಲಿ ಎಲ್ಲವೂ ಮೂರು ಥೌ ಬೆಳೆದಿದ್ದು, ಒಂದು ಮಾತ್ರ ಒಂಬತ್ತು ಬೆಳೆದಿದ್ದರೆ ಅದನ್ನು ಟ್ರಿಮ್ ಮಾಡುವ ಮೊದಲು ತಂತಿ ಹಾಕಿ ನೋಡಿ. ಕತ್ತರಿಸಿಬಿಟ್ಟರೆ ಅದು ಉಳಿದವುಗಳ ಜೊತೆ ಬೆರೆತುಹೋಗುತ್ತದೆ, ಆಮೇಲೆ ಹುಡುಕಲು ಆಗುವುದಿಲ್ಲ.

ತೆಗೆದುಹಾಕಿದ ಕೇಸನ್ನು ಹಾಗೇ ಗುಜರಿ ಡಬ್ಬಿಗೆ ಎಸೆಯಬೇಡಿ. ಬಾಯಿಯನ್ನು ಪ್ಲೈಯರಿನಿಂದ ಚಪ್ಪಟೆ ಮಾಡಿ ಎಸೆಯಿರಿ. ಇಲ್ಲದಿದ್ದರೆ ಯಾರೋ ಒಬ್ಬರು ಅದನ್ನು ಎತ್ತಿಕೊಂಡು, ಉದ್ದ ಸರಿಯಾಗಿದೆ ಅಂತ ಅಳೆದು, ಮತ್ತೆ ತುಂಬುತ್ತಾರೆ.